ಕೈಯಿಂದ ಕೈಗೆ ಬಂದ ದಾಸಾಳ

ದಾಸವಾಳಕ್ಕೆ ನಮ್ಮ ಕಡೆ ದಾಸಾಳ ಎನ್ನುತ್ತೇವೆ. ಮಲ್ಲಿಗೆಯಂತೆ ಅದಕ್ಕೆ ಪರಿಮಳವಿಲ್ಲ, ಮುಡಿಯಲ್ಲಿ ನಿಲ್ಲುವುದಿಲ್ಲ, ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಆದರೂ ಬೇಸಿಗೆಯಲ್ಲಿ ದೇವರ ಜಗುಲಿಗೆ ತಪ್ಪದೆ ಒದಗುವ ಹೂವು ಅದೇ. ಇಂಥ ಹೂವಿಗೂ ಇತಿಹಾಸವಿದೆಯೇ ಎಂದು ನೀವು ಕೇಳಬಹುದು. ಇದೆ, ಅದು ಬಹುಪಾಲು ಹೆಂಗಸರ ಕೈಯಲ್ಲೇ ಇದೆ.

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ‘ಚೀನದ ಗುಲಾಬಿ’ ಎಂಬ ಅರ್ಥದ ಹೆಸರಿಟ್ಟ. ಆದರೆ ಈ ಗಿಡ ಯಾವ ಕಾಡಿನಲ್ಲೂ ತಾನಾಗಿ ಬೆಳೆದದ್ದು ಕಂಡಿಲ್ಲ. ಅದೇ ಪುಸ್ತಕದಲ್ಲಿ ಇದರ ತಂಗಿಯೊಂದಕ್ಕೆ ಸಿರಿಯಾ ದೇಶದ ಹೆಸರು ಕೊಟ್ಟ, ಅದರ ತವರು ನಿಜವಾಗಿ ಚೀನ. ಆ ತಂಗಿ ಇಂದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವು. ನಮ್ಮ ಕೆಂಪು ದಾಸಾಳ ಮಲೇಷ್ಯಾದ್ದು.

ಇದರ ಬಳಗವನ್ನು ಕಾಣಲು ಮಾತ್ರ ಅಷ್ಟು ದೂರ ಹೋಗಬೇಕಿಲ್ಲ. ಹತ್ತಿ, ಬೆಂಡೆ ಇದರ ದಾಯಾದಿಗಳು. ರೊಟ್ಟಿಯ ಜೊತೆ ನಾವು ಉಣ್ಣುವ ಪುಂಡಿಪಲ್ಯೆ ಒಡಹುಟ್ಟಿದ್ದು. ಪುಂಡಿ ಹೂಬಿಟ್ಟಾಗ ಒಮ್ಮೆ ನೋಡಿ: ತಿಳಿಹಳದಿ ಎಸಳು, ನಡುವೆ ಗಾಢ ಕೆಂಪು, ಥೇಟ್ ದಾಸಾಳದ ಮುಖ. ಆದರೆ ಪುಂಡಿ ಬೀಜದಿಂದ ಬರುತ್ತದೆ. ಅಂಗಳದ ದಾಸಾಳ ಬೀಜ ಕಟ್ಟುವುದೇ ಅಪರೂಪ. ಒಬ್ಬರು ಟೊಂಗೆ ಮುರಿದು ಕೊಡಬೇಕು, ಇನ್ನೊಬ್ಬರು ನೆಡಬೇಕು.

ಗಿಣಿಗೇರಾದ ನಮ್ಮ ಮನೆಗೆ ಗಿಡ ಕೊಟ್ಟವರು ಓಣಿಯ ಎಂಬತ್ತು ದಾಟಿದ ಅಜ್ಜಿ. ಈ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದ 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಯಿತು. 1953ರಲ್ಲಿ ನೀರು ನಿಂತಿತು, ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಅಜ್ಜಿಯ ತಾಯಿ ಗಂಟುಮೂಟೆಯ ಜೊತೆ ಹಸಿ ಅರಿವೆಯಲ್ಲಿ ಸುತ್ತಿದ ಎರಡು ಟೊಂಗೆ ತಂದಿದ್ದರಂತೆ. “ಊರು ಮುಳುಗಿತ್ರೀ ಅಕ್ಕೋರೆ, ದಾಸಾಳ ಉಳೀತು” ಎನ್ನುತ್ತಾರೆ ಅಜ್ಜಿ. ಪರಿಹಾರದ ಕಾಗದಗಳಲ್ಲಿ ಹೊಲ, ಮನೆ ಇರುತ್ತವೆ. ಹಿತ್ತಲ ಹೂವಿಗೆ ಯಾರು ಬೆಲೆ ಕಟ್ಟುತ್ತಾರೆ?

ಬೆಳೆಸುವುದು ಕಷ್ಟವಲ್ಲ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಟೊಂಗೆ ತೆಗೆದು, ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆರಳಿನಲ್ಲಿ ನೆಡಿ. ಎರೆಮಣ್ಣಾದರೆ ಮರಳು, ತಿಪ್ಪೆಗೊಬ್ಬರ ಬೆರೆಸಿ, ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಬೇರು ಬಿಟ್ಟ ಮೇಲೆ ಬಿಸಿಲಿಗೆ ತನ್ನಿ. ಹೂವು ಹೊಸ ಚಿಗುರಿನಲ್ಲೇ ಬರುವುದರಿಂದ ಚಳಿ ಮುಗಿಯುವಾಗ ಟೊಂಗೆ ಕತ್ತರಿಸಿದರೆ ಬೇಸಿಗೆಯಲ್ಲಿ ತುಂಬಾ ಅರಳುತ್ತದೆ. ಬುಡಕ್ಕೆ ಒಣ ಎಲೆ ಹೊದಿಸಿ. ಏಪ್ರಿಲ್-ಮೇ ತಿಂಗಳಲ್ಲಿ ಕುಡಿಯುವ ನೀರನ್ನು ಹೂವಿಗೆ ಹಾಕಲು ಯಾವ ಗೃಹಿಣಿಗೂ ಮನಸ್ಸಾಗದು. ಅಕ್ಕಿ, ಕಾಯಿಪಲ್ಯೆ ತೊಳೆದ ನೀರು ಸಾಕು.

ಊರಿನ ಸುತ್ತ ಈಗ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ವಾರಕ್ಕೊಮ್ಮೆ ಎಲೆ ಒರೆಸಿದರೆ ಅರಿವೆಗೆ ಮಸಿ ಹತ್ತುತ್ತದೆ. ಅದೇ ಗಾಳಿಯನ್ನು ನಮ್ಮ ಮಕ್ಕಳೂ ಉಸಿರಾಡುತ್ತಾರೆ. ಮುಳುಗಡೆಯನ್ನು ಗೆದ್ದು ಬಂದ ಗಿಡ ಈ ಧೂಳನ್ನೂ ಗೆದ್ದೀತು, ಮಕ್ಕಳ ಬಗ್ಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ.

ನೀವು ಯಾರಿಗಾದರೂ ದಾಸಾಳದ ಟೊಂಗೆ ಕೊಡುವಾಗ, ಅದು ಯಾವ ಊರಿನಿಂದ, ಯಾರ ಕೈಯಿಂದ ಬಂತೆಂದೂ ಹೇಳಿ ಕೊಡಿ.