ಕಾಲರಾ ವಿಷದ ಮರ್ಮವನ್ನರಿತ ಕಲ್ಕತ್ತೆಯ ವೈದ್ಯ ವಿಭಾಗ

ವಿಶ್ವವಿದ್ಯಾಲಯಗಳ ವೈದ್ಯಕೀಯ ವಿಭಾಗಗಳು ವರ್ಷಕ್ಕೊಮ್ಮೆ ತಮ್ಮ ಸಾಧನೆಗಳ ವರದಿಯನ್ನು ಹೊರತರುವುದು ವಾಡಿಕೆ. ಎಷ್ಟು ಪ್ರಬಂಧಗಳು ಪ್ರಕಟವಾದವು, ಯಾರಿಗೆ ಯಾವ ಪ್ರಶಸ್ತಿ ಸಂದಿತು, ಯಾವ ಹೊಸ ಯಂತ್ರ ಬಂದಿತು ಎಂಬ ವಿವರಗಳು ಅದರಲ್ಲಿರುತ್ತವೆ. ಇವೆಲ್ಲವೂ ಬೇಕಾದವೇ. ಆದರೆ ಒಂದು ವಿಭಾಗದ ಅತಿ ಹಿರಿದಾದ ಸಾಧನೆಯು ಆ ವರ್ಷದ ವರದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು. ಇಪ್ಪತ್ತು ಮೂವತ್ತು ವರ್ಷಗಳು ಕಳೆದು, ಹೊರಗಿನವರು ಬಂದು ಹೇಳಿದ ಮೇಲೆ ಮನೆಯವರಿಗೆ ಅದರ ಬೆಲೆ ತಿಳಿಯುವುದುಂಟು. ನಮ್ಮ ದೇಶದಲ್ಲಿಯೇ ನಡೆದ ಅಂತಹ ಒಂದು ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ವಾಂತಿಭೇದಿಯೆಂಬ ಹೆಸರು ಕೇಳಿದರೆ ಊರಿಗೆ ಊರೇ ನಡುಗುತ್ತಿದ್ದ ಕಾಲವೊಂದಿತ್ತು. ಬೆಳಿಗ್ಗೆ ಹೊಲಕ್ಕೆ ಹೋದ ಗಟ್ಟಿಮುಟ್ಟಾದ ಆಳು ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಕೈಕಾಲು ಸೆಟೆದು, ಧ್ವನಿಯಡಗಿ ಅಸುನೀಗುತ್ತಿದ್ದನು. ಜಾತ್ರೆ, ಪರಿಷೆಗಳಲ್ಲಿ ಒಂದೇ ಕೆರೆಯ ನೀರು ಕುಡಿದ ಸಾವಿರಾರು ಜನ ಆ ಬೇನೆಯನ್ನು ತಮ್ಮ ತಮ್ಮ ಊರುಗಳಿಗೆ ಹೊತ್ತೊಯ್ಯುತ್ತಿದ್ದರು. ವೈದ್ಯರು ಕಾಲರಾ ಎಂದು ಕರೆಯುವ ಈ ರೋಗದ ತವರು ಗಂಗಾ ನದಿಯು ಸಮುದ್ರವನ್ನು ಸೇರುವ ಬಂಗಾಳದ ತಗ್ಗು ಪ್ರದೇಶ. 1817ರಲ್ಲಿ ಅಲ್ಲಿಂದ ಹೊರಟ ಮಹಾಮಾರಿಯು ದೇಶದೇಶಗಳನ್ನು ಸುತ್ತಿತು. ಮುಂದೆಯೂ ಅದು ಮತ್ತೆ ಮತ್ತೆ ಜಗತ್ತನ್ನು ಸುತ್ತಿ ಬಂದಿತು.

ಇದರ ಕಾರಣವನ್ನರಿಯಲು ಹತ್ತೊಂಬತ್ತನೆಯ ಶತಮಾನದ ವೈದ್ಯರು ಬಹಳ ಶ್ರಮಿಸಿದರು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಅವರು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಸಂಭವಿಸಿದ ಸಾವುಗಳನ್ನು ಲೆಕ್ಕ ಹಾಕಿ, ರೋಗವು ಕುಡಿಯುವ ನೀರಿನಿಂದ ಬರುತ್ತದೆಂದು ತೋರಿಸಿಕೊಟ್ಟರು. ಅದೇ ವರ್ಷ ಇಟಲಿಯ ಫಿಲಿಪೋ ಪಾಚೀನಿ ಅವರು ರೋಗಿಗಳ ಕರುಳಿನಲ್ಲಿ ಸೂಕ್ಷ್ಮಜೀವಿಯೊಂದನ್ನು ಕಂಡು ವರ್ಣಿಸಿದರು. ಆ ಮಾತನ್ನು ಆಗ ಯಾರೂ ಲಕ್ಷಿಸಲಿಲ್ಲ. ಬಳಿಕ ಜರ್ಮನಿಯ ರಾಬರ್ಟ್ ಕಾಕ್ ಅವರು ಈಜಿಪ್ಟಿನಿಂದ ಹೊರಟು 1883ರ ಕೊನೆಯಲ್ಲಿ ಕಲ್ಕತ್ತೆಗೆ ಬಂದು, 1884ರಲ್ಲಿ ಬಾಗಿದ ಅಲ್ಪವಿರಾಮ ಚಿಹ್ನೆಯಂತಿರುವ ಆ ರೋಗಾಣುವನ್ನು ಜಗತ್ತಿಗೆ ಸಾರಿದರು.

ರೋಗಾಣುವೇನೋ ದೊರಕಿತು. ಆದರೆ ಅದು ಮನುಷ್ಯನನ್ನು ಕೊಲ್ಲುವುದು ಹೇಗೆ? ಕಾಲರಾ ರೋಗಾಣು ಕರುಳನ್ನು ಬಿಟ್ಟು ರಕ್ತಕ್ಕೆ ಹೋಗುವುದಿಲ್ಲ. ಆದರೂ ಕೆಲವೇ ಗಂಟೆಗಳಲ್ಲಿ ದೇಹದ ನೀರೆಲ್ಲ ಅಕ್ಕಿ ತೊಳೆದ ನೀರಿನಂತೆ ಹರಿದುಹೋಗುತ್ತದೆ. ತೀವ್ರವಾದ ಪ್ರಕರಣಗಳಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ನಷ್ಟವಾಗುವುದುಂಟು. ಇದರ ಹಿಂದೆ ಯಾವುದೋ ಒಂದು ವಿಷವಿರಬೇಕೆಂದು ಕಾಕ್ ಅವರೇ ಊಹಿಸಿದ್ದರು. ಆದರೆ ಅವರ ತರುವಾಯ ಬಂದ ಸಂಶೋಧಕರು ಆ ವಿಷವನ್ನು ಸತ್ತ ರೋಗಾಣುವಿನ ಶರೀರದೊಳಗೆ ಹುಡುಕಿದರು. ಅದನ್ನು ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊಳ್ಳಿಗೆ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು, ಕಾಲರಾ ಮಾತ್ರ ಕಾಣಿಸಲಿಲ್ಲ. ಕರುಳಿನ ಒಳಪೊರೆಯೇ ಕೊಳೆತು ಉದುರಿಹೋಗುವುದರಿಂದ ನೀರು ಸೋರುತ್ತದೆಂಬ ಇನ್ನೊಂದು ನಂಬಿಕೆಯೂ ಬೇರೂರಿತ್ತು. ಹೀಗೆ ಎಪ್ಪತ್ತೈದು ವರ್ಷಗಳು ಉರುಳಿದವು.

ಈ ಗಂಟನ್ನು ಬಿಡಿಸಿದವರು ಡಾಕ್ಟರ್ ಶಂಭುನಾಥ ದೇ. 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅವರು ಜನಿಸಿದರು. 1835ರಲ್ಲಿ ಸ್ಥಾಪಿತವಾಗಿ, ಅಂದು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಓದಿ 1939ರಲ್ಲಿ ವೈದ್ಯ ಪದವೀಧರರಾದರು. ಅನಂತರ ಲಂಡನ್ನಿಗೆ ತೆರಳಿ, ಪ್ರಸಿದ್ಧ ರೋಗನಿದಾನ ಶಾಸ್ತ್ರಜ್ಞ ರಾಯ್ ಕ್ಯಾಮರಾನ್ ಅವರ ಬಳಿ ಸಂಶೋಧನೆ ಮಾಡಿ 1949ರಲ್ಲಿ ಪಿಎಚ್.ಡಿ. ಪದವಿ ಪಡೆದರು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ವಿಕಾರವು ಅವರು ಅಲ್ಲಿ ಅಭ್ಯಸಿಸಿದ ವಿಷಯಗಳಲ್ಲೊಂದು. ದೇಹದೊಳಗಿನ ನೀರು ಇರಬೇಕಾದ ಸ್ಥಳವನ್ನು ಬಿಟ್ಟು ಬೇರೆಡೆಗೆ ಏಕೆ ಹರಿಯುತ್ತದೆ ಎಂಬ ಪ್ರಶ್ನೆಗೆ ಅವರ ಬುದ್ಧಿ ಆಗಲೇ ಪಳಗಿತ್ತು.

ವಿದೇಶದಲ್ಲಿ ಕಲಿತು ಬಂದವರು ಅಲ್ಲಿಯ ವಿಷಯಗಳನ್ನೇ ಇಲ್ಲಿಯೂ ಮುಂದುವರಿಸುವುದು ಸಾಮಾನ್ಯ. ದೇ ಅವರು ಹಾಗೆ ಮಾಡಲಿಲ್ಲ. ತಮ್ಮ ಊರಿನ ಆಸ್ಪತ್ರೆಗಳಲ್ಲಿ ವರ್ಷವರ್ಷವೂ ಕಾಲರಾದಿಂದ ಸಾಯುತ್ತಿದ್ದವರನ್ನು ಅವರು ಕಂಡಿದ್ದರು. ಕಲ್ಕತ್ತೆಯ ನೀಲರತನ ಸರ್ಕಾರ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. 1955ರಲ್ಲಿ ತಾವು ಓದಿದ್ದ ಕಾಲೇಜಿನ ರೋಗನಿದಾನ ಹಾಗೂ ಸೂಕ್ಷ್ಮಜೀವಿ ಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾದರು. ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿದ್ದಂತಹ ಬೆಲೆಬಾಳುವ ಉಪಕರಣಗಳು ಆ ವಿಭಾಗದಲ್ಲಿರಲಿಲ್ಲ. ಬೋಧನೆಯ ಹೊಣೆಯಂತೂ ಇದ್ದೇ ಇತ್ತು.

ವಾಚಕರು ಇಲ್ಲಿ ಅವರ ವಿಚಾರಸರಣಿಯನ್ನು ಗಮನಿಸಬೇಕು. ರೋಗವಿರುವುದು ಕರುಳಿನಲ್ಲಿ, ಹಾಗಿರುವಾಗ ಪರೀಕ್ಷೆ ನಡೆಯಬೇಕಾದುದೂ ಕರುಳಿನಲ್ಲಿಯೇ ಅಲ್ಲವೇ? ಅವರು ಅರಿವಳಿಕೆ ಕೊಟ್ಟ ಮೊಲದ ಹೊಟ್ಟೆಯನ್ನು ತೆರೆದು, ಸಣ್ಣ ಕರುಳಿನ ಒಂದು ತುಂಡನ್ನು ಕತ್ತರಿಸದೆ ಅದರ ಎರಡೂ ತುದಿಗಳನ್ನು ದಾರದಿಂದ ಬಿಗಿದರು. ಹೀಗೆ ಕಟ್ಟಿದ ಚೀಲದಂತಹ ಭಾಗದೊಳಗೆ ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸ್ವಲ್ಪ ಚುಚ್ಚಿ, ಹೊಟ್ಟೆಯನ್ನು ಹೊಲಿದರು. ಹೋಲಿಕೆಗಾಗಿ ಹಾಗೆಯೇ ಕಟ್ಟಿದ ಮತ್ತೊಂದು ಭಾಗಕ್ಕೆ ರೋಗಾಣುವಿಲ್ಲದ ದ್ರವವನ್ನು ಸೇರಿಸಿದರು. ಮರುದಿನ ತೆರೆದು ನೋಡಿದಾಗ ರೋಗಾಣುವಿದ್ದ ಭಾಗವು ನೀರು ತುಂಬಿ ಉಬ್ಬಿತ್ತು. ಇನ್ನೊಂದು ಭಾಗ ಬರಿದಾಗಿ ಬತ್ತಿತ್ತು. ಕಾಲರಾವನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣುವ ಮಾರ್ಗವು ಹೀಗೆ ಲಭಿಸಿತು. ಸಹೋದ್ಯೋಗಿಯೊಬ್ಬರೊಡನೆ ಅವರು ಬರೆದ ಈ ಪ್ರಯೋಗದ ವಿವರ 1953ರಲ್ಲಿ ಪ್ರಕಟವಾಯಿತು. ಇಂತಹುದೇ ಒಂದು ಪ್ರಯತ್ನವನ್ನು 1915ರಲ್ಲಿಯೇ ಬೇರೆ ಸಂಶೋಧಕರು ಮಾಡಿದ್ದರಾದರೂ ಅದು ಪೂರ್ತಿಯಾಗಿ ಮರೆತುಹೋಗಿತ್ತು. ದೇ ಅವರು ಸ್ವತಂತ್ರವಾಗಿ ಅದನ್ನು ಮತ್ತೆ ಕಂಡುಕೊಂಡರು.

ಅವರು ಅಲ್ಲಿಗೆ ನಿಲ್ಲಲಿಲ್ಲ. ನೀರು ತುಂಬಲು ಜೀವಂತ ರೋಗಾಣುವೇ ಬೇಕೇ, ಅಥವಾ ಅದು ಹೊರಸೂಸುವ ವಸ್ತುವೊಂದೇ ಸಾಕೇ ಎಂಬುದು ಮುಂದಿನ ಪ್ರಶ್ನೆ. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಅದರಲ್ಲಿ ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ಸೋಸಿದ ದ್ರವವನ್ನು ಮೊಲದ ಕರುಳಿನ ಕಟ್ಟಿದ ಭಾಗಕ್ಕೆ ಹಾಕಿದರು. ಆಗಲೂ ಕರುಳು ನೀರಿನಿಂದ ಉಬ್ಬಿತು. ರೋಗಾಣು ಬದುಕಿದ್ದಾಗಲೇ ಹೊರಚೆಲ್ಲುವ ವಿಷವೇ ಕಾಲರಾಕ್ಕೆ ಕಾರಣವೆಂಬುದು ಇದರಿಂದ ಸಿದ್ಧವಾಯಿತು. 1959ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಎರಡು ಪುಟಗಳನ್ನು ಮೀರದ ಬರಹ. ಲೇಖಕರ ಹೆಸರು ಒಂದೇ. ವಿಳಾಸ ಕಲ್ಕತ್ತೆಯ ವೈದ್ಯಕೀಯ ಕಾಲೇಜು. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಅವರ ಸಂಗಡಿಗರು ಮೊಲದ ಮರಿಗಳಲ್ಲಿ ನಡೆಸಿದ ಪ್ರಯೋಗಗಳೂ ಕಾಲರಾ ವಿಷದ ಪಾತ್ರವನ್ನು ಎತ್ತಿ ತೋರಿದವು. ಮತ್ತೊಂದು ಬಗೆಯ ಭೇದಿಗೆ ಕಾರಣವಾದ ಕೋಲೈ ಜಾತಿಯ ಸೂಕ್ಷ್ಮಜೀವಿಗಳನ್ನು 1956ರಷ್ಟು ಹಿಂದೆಯೇ ದೇ ಅವರು ಇದೇ ವಿಧಾನದಿಂದ ಪರೀಕ್ಷಿಸಿದ್ದರು.

ಈ ಶೋಧನೆಯ ಫಲವೇನೆಂಬುದನ್ನು ನೋಡೋಣ. 1969ರಲ್ಲಿ ಅಮೆರಿಕದಲ್ಲಿ ಫಿಂಕೆಲ್‌ಸ್ಟೀನ್ ಮತ್ತು ಲೊಸ್ಪಲ್ಲೂಟೋ ಎಂಬವರು ಕಾಲರಾ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಆ ವಿಷವು ಕರುಳಿನ ಜೀವಕೋಶಕ್ಕೆ ಅಂಟಿಕೊಂಡು, ಅದರ ಒಂದು ಭಾಗ ಒಳಹೊಕ್ಕು, ಕೋಶವು ಎಡೆಬಿಡದೆ ಉಪ್ಪಿನಂಶವನ್ನು ಹೊರಚೆಲ್ಲುವಂತೆ ಮಾಡುತ್ತದೆ; ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ ಎಂಬುದು ಕ್ರಮೇಣ ತಿಳಿದುಬಂದಿತು. ಕರುಳಿನ ಒಳಪೊರೆ ಉದುರುತ್ತದೆಂಬ ಹಳೆಯ ನಂಬಿಕೆಯೂ ಬಿದ್ದುಹೋಯಿತು. ರೋಗಿಯ ಕರುಳಿನ ಪೊರೆ ಹರಿಯದೆ ಇರುತ್ತದೆಂದು ಥಾಯ್ಲೆಂಡಿನ ರೋಗಿಗಳಲ್ಲಿ ನಡೆಸಿದ ಪರೀಕ್ಷೆ 1960ರಲ್ಲಿ ತೋರಿಸಿತು. ಇನ್ನೊಂದು ಕಡೆ, ಸಕ್ಕರೆಯ ಜೊತೆಯಲ್ಲಿ ಉಪ್ಪನ್ನೂ ಕರುಳು ಹೀರಿಕೊಳ್ಳುವ ಕ್ರಮವನ್ನು ರಾಬರ್ಟ್ ಕ್ರೇನ್ ಅವರು 1960ರಲ್ಲಿಯೇ ವಿವರಿಸಿದರು. ಕಾಲರಾ ವಿಷವು ಈ ಹೀರುವ ದಾರಿಯನ್ನು ಕೆಡಿಸುವುದಿಲ್ಲ. ಅಂದಮೇಲೆ ಸಕ್ಕರೆ ಮತ್ತು ಉಪ್ಪು ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿ ರೋಗಿಯನ್ನು ಉಳಿಸಬಹುದು. ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಅವರು ಇದನ್ನು 1968ರಲ್ಲಿ ರೋಗಿಗಳ ಮೇಲೆ ಪ್ರಯೋಗಿಸಿ ಸಫಲರಾದರು.

ಬಾಯಿಯ ಮೂಲಕ ಕೊಡುವ ಈ ಚಿಕಿತ್ಸೆಯು ದೇ ಅವರೊಬ್ಬರ ಶೋಧನೆಯಿಂದ ನೇರವಾಗಿ ಹುಟ್ಟಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಹಲವು ಹೊಳೆಗಳು ಕೂಡಿ ಆ ನದಿಯಾಯಿತು. ಆದರೆ ಕಾಲರಾ ಎಂಬುದು ಕರುಳಿನ ಮೇಲೆ ಒಂದು ವಿಷ ನಡೆಸುವ ಕ್ರಿಯೆ, ಕಳೆದ ನೀರನ್ನು ತುಂಬಿಕೊಟ್ಟರೆ ಮನುಷ್ಯ ಬದುಕುತ್ತಾನೆ ಎಂಬ ತಿಳಿವಳಿಕೆಗೆ ಭದ್ರವಾದ ಅಡಿಗಲ್ಲು ಕಲ್ಕತ್ತೆಯ ಆ ವಿಭಾಗದಲ್ಲಿ ಬಿದ್ದಿತು.

ಆ ತಿಳಿವಳಿಕೆಯ ಬೆಲೆ 1971ರಲ್ಲಿ ಬೆಳಕಿಗೆ ಬಂದಿತು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ಕಲ್ಕತ್ತೆಯಲ್ಲಿ ನಡೆಸುತ್ತಿದ್ದ ವೈದ್ಯಕೀಯ ಸಂಶೋಧನ ಕೇಂದ್ರದ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಬನಗಾಂವ್ ಆಸ್ಪತ್ರೆಗೆ ಹೋದಾಗ, ಎರಡು ಕೊಠಡಿಗಳ ನೆಲದ ಮೇಲೆ ರೋಗಿಗಳು ಕಿಕ್ಕಿರಿದು ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಲವಣದ್ರಾವಣ ಮುಗಿಯುತ್ತ ಬಂದಿತ್ತು. ಆಗ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆಯ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಈ ಲೆಕ್ಕದಲ್ಲಿ ಪೊಟ್ಟಣಗಳನ್ನು ಕಟ್ಟಿಸಿದರು. ದ್ರಾವಣವನ್ನು ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಅಲ್ಲಿಯವರೆಗೆ ಶೇಕಡಾ 30ರ ಹತ್ತಿರವಿದ್ದ ಸಾವಿನ ಪ್ರಮಾಣವು ಅವರ ಉಸ್ತುವಾರಿಯಲ್ಲಿದ್ದ ರೋಗಿಗಳಲ್ಲಿ ಶೇಕಡಾ 3.6ಕ್ಕೆ ಇಳಿಯಿತು. ತಾಯಿಯೊಬ್ಬಳು ಮಗುವಿನ ಬಾಯಿಗೆ ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತ ಅದರ ಪ್ರಾಣವನ್ನು ಉಳಿಸಿಕೊಳ್ಳಬಹುದೆಂಬುದನ್ನು ಜಗತ್ತು ಆಗ ಕಂಡಿತು. ಮಹಲನಬೀಸ್ ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿತು.

ಶಂಭುನಾಥ ದೇ ಅವರ ಕಥೆ ಬೇರೆಯಾಯಿತು. ಅವರ ಮೊಲದ ಕರುಳಿನ ಪ್ರಯೋಗವು ದೇಶವಿದೇಶಗಳ ಪ್ರಯೋಗಶಾಲೆಗಳಲ್ಲಿ ನಿತ್ಯದ ವಿಧಾನವಾಯಿತು. ನೊಬೆಲ್ ಪ್ರಶಸ್ತಿ ಪಡೆದಿದ್ದ ಜೋಶುವಾ ಲೆಡರ್‌ಬರ್ಗ್ ಅವರು ಒಂದಕ್ಕಿಂತ ಹೆಚ್ಚು ಸಲ ದೇ ಅವರ ಹೆಸರನ್ನು ಆ ಪ್ರಶಸ್ತಿಗೆ ಸೂಚಿಸಿದರು. ಆದರೆ ಸ್ವದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಹಿರಿದಾದ ಯಾವ ಪ್ರಶಸ್ತಿಯೂ ಇಲ್ಲಿ ಅವರಿಗೆ ಸಲ್ಲಲಿಲ್ಲ. 1973ರಲ್ಲಿ ಅವರು ಸದ್ದಿಲ್ಲದೆ ನಿವೃತ್ತರಾದರು. 1978ರಲ್ಲಿ ಕಾಲರಾ ಕುರಿತು ಸ್ವೀಡನ್ನಿನಲ್ಲಿ ನಡೆದ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂದಿತು. ಅಲ್ಲಿ ಮಾತನಾಡುತ್ತ, 1960ರ ದಶಕದ ಆರಂಭದಿಂದಲೇ ತಾವು ಸತ್ತಂತಾಗಿದ್ದುದಾಗಿಯೂ ಈ ಗೋಷ್ಠಿಯವರು ತಮ್ಮನ್ನು ಗೋರಿಯಿಂದ ಹೊರತೆಗೆದಿರುವುದಾಗಿಯೂ ಅವರು ಹೇಳಿದರು. ವಿನೋದದ ಮಾತೇ ಆದರೂ ಅದರಲ್ಲಿ ಅಡಗಿದ್ದ ನೋವು ಚಿಕ್ಕದಲ್ಲ. 1985ರ ಏಪ್ರಿಲ್ 15ರಂದು ಅವರು ದಿವಂಗತರಾದರು.

ಮರುವರ್ಷ, ಪ್ರಬಂಧಗಳು ಯಾರಿಂದ ಎಷ್ಟು ಉಲ್ಲೇಖಗೊಂಡಿವೆಯೆಂಬುದನ್ನು ಲೆಕ್ಕವಿಡುತ್ತಿದ್ದ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಅವರು ಕಾಲರಾ ಸಂಶೋಧನೆಯ ಮೇಲೆ ದೇ ಅವರ ಪ್ರಭಾವವೆಷ್ಟೆಂಬುದನ್ನು ಬರೆದು ತೋರಿಸಿದರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯು ಅವರ ಸ್ಮರಣೆಗಾಗಿ ವಿಶೇಷ ಸಂಚಿಕೆಯನ್ನು ಹೊರತಂದು, ಭಾರತದ ವಿಜ್ಞಾನ ಲೋಕವು ಅವರನ್ನು ಕಡೆಗಣಿಸಿದುದನ್ನು ಸ್ಪಷ್ಟವಾಗಿ ಹೇಳಿತು. ಕನ್ನಡ ನೆಲದ ಪತ್ರಿಕೆಯೊಂದು ಈ ಋಣವನ್ನು ನೆನೆದುದು ಸಮಾಧಾನದ ಸಂಗತಿ. ಅದನ್ನು ಓದಲು ದೇ ಅವರು ಬದುಕಿರಲಿಲ್ಲ.

ಹೀಗೇಕಾಯಿತು ಎಂದು ವಾಚಕರು ಕೇಳಬಹುದು. ವಿಷವನ್ನು ಶುದ್ಧಗೊಳಿಸಲು ಬೇಕಾದ ಸೌಕರ್ಯ ಅವರಿಗಿರಲಿಲ್ಲವಾದ್ದರಿಂದ ಮುಂದಿನ ಹೆಜ್ಜೆಗಳನ್ನು ಬೇರೆ ದೇಶದವರು ಇಟ್ಟರು. ಅವರು ಸಭೆ ಸಮಾರಂಭಗಳ ಮನುಷ್ಯರಾಗಿರಲಿಲ್ಲ. ಇದಕ್ಕಿಂತ ಮುಖ್ಯವಾಗಿ, ನಮ್ಮವರ ಕೆಲಸವನ್ನು ನಾವೇ ಓದಿ ತೂಗಿ ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆದಿರಲಿಲ್ಲ. ಪರದೇಶದಿಂದ ಮನ್ನಣೆಯ ಮುದ್ರೆ ಬಿದ್ದ ಮೇಲೆಯೇ ಗುಣವನ್ನು ಒಪ್ಪುವ ದುರ್ಬಲತೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬಹುಕಾಲದಿಂದ ಇದೆ.

ಕಾಲರಾ ಇನ್ನೂ ಲೋಕದಿಂದ ತೊಲಗಿಲ್ಲ. 2010ರಲ್ಲಿ ಹೈಟಿಯಲ್ಲಿ, 2016ರಿಂದ ಯೆಮೆನ್‌ನಲ್ಲಿ ಅದು ಮಾಡಿದ ಹಾವಳಿಯನ್ನು ಎಲ್ಲರೂ ಬಲ್ಲರು. ಶುದ್ಧವಾದ ಕುಡಿಯುವ ನೀರು ದೊರೆಯದ ಕಡೆಗಳಲ್ಲೆಲ್ಲ ಅದು ಹೊಂಚು ಹಾಕಿಯೇ ಇರುತ್ತದೆ. ಆದರೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ನೂರರಲ್ಲಿ ಒಬ್ಬರೂ ಸಾಯಬೇಕಾಗಿಲ್ಲ.

ನಮ್ಮ ವಿದ್ಯಾರ್ಥಿ ನಿಲಯಗಳಲ್ಲಿ ಉಂಡು ಓದಿದ ಹಲವರು ಇಂದು ವೈದ್ಯರೂ ಅಧ್ಯಾಪಕರೂ ಆಗಿದ್ದೀರಿ. ಕೆಲವರು ವಿಭಾಗಗಳ ಮುಖ್ಯಸ್ಥರೂ ಆಗಿದ್ದೀರಿ. ನಿಮ್ಮ ಮಕ್ಕಳು ನಾಳೆ ಆ ಸ್ಥಾನಗಳಿಗೆ ಬರತಕ್ಕವರು. ಉಪಕರಣಗಳ ಕೊರತೆಯನ್ನು ನೀಗಿಸಲು ಸರ್ಕಾರವನ್ನು ಕೇಳಿರಿ, ದಾನಿಗಳನ್ನು ಕೇಳಿರಿ, ಅದು ನ್ಯಾಯವೇ. ಅದರ ಜೊತೆಗೆ, ನಿಮ್ಮ ಆಸ್ಪತ್ರೆಯ ಬಾಗಿಲಿಗೆ ಬರುವ ಬಡವನ ಬೇನೆಯಲ್ಲಿ ಇನ್ನೂ ಉತ್ತರ ದೊರಕದ ಪ್ರಶ್ನೆ ಯಾವುದಿದೆಯೆಂಬುದನ್ನು ವಿಚಾರಿಸಿರಿ. ನಿಮ್ಮ ವಿಭಾಗದಲ್ಲಿ ಸದ್ದಿಲ್ಲದೆ ಅಂತಹ ಪ್ರಶ್ನೆಯ ಬೆನ್ನುಹತ್ತಿದ ಕಿರಿಯರೊಬ್ಬರಿದ್ದರೆ ಅವರು ಬರೆದುದನ್ನು ಕುಳಿತು ಓದಿರಿ. ಚೆನ್ನಾಗಿದ್ದರೆ ಅವರು ಬದುಕಿರುವಾಗಲೇ ಚೆನ್ನಾಗಿದೆಯೆಂದು ಹೇಳಿರಿ.