ಬೆಳಗಾವಿಯ ಅತಿಥಿಗಳು, ಗುಳೇದಗುಡ್ಡದ ಮಗ್ಗ

ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿ ಮಹಾತ್ಮ ಗಾಂಧಿ ಕುಳಿತದ್ದು ಒಂದೇ ಸಲ. ಅದು 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ 39ನೇ ಅಧಿವೇಶನ. ಮೋತಿಲಾಲ್ ನೆಹರು, ಜವಾಹರಲಾಲ್, ಚಿತ್ತರಂಜನ ದಾಸ್, ಲಾಲಾ ಲಜಪತರಾಯ್, ಮೌಲಾನಾ ಮಹಮ್ಮದ್ ಅಲಿ, ಸರೋಜಿನಿ ನಾಯ್ಡು ಮೊದಲಾದ ಗಣ್ಯರು ಆ ಚಳಿಗಾಲದಲ್ಲಿ ಕನ್ನಡ ನಾಡಿನ ಅತಿಥಿಗಳಾಗಿದ್ದರು.

ಸ್ವಾಗತದ ಹೊಣೆ ಗಂಗಾಧರರಾವ್ ದೇಶಪಾಂಡೆ ಅವರದು. ಅಧಿವೇಶನದ ಬಯಲಿಗೆ ವಿಜಯನಗರ ಎಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿ ಪಂಪಾ ಸರೋವರವಾಯಿತು. ಡಾ. ನಾ.ಸು. ಹರ್ಡೀಕರ್ ಕಟ್ಟಿದ್ದ ಸೇವಾದಳದ ಸ್ವಯಂಸೇವಕರು ಅತಿಥಿಗಳ ಉಪಚಾರಕ್ಕೆ ನಿಂತರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಇದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಪರಿಷತ್ತೂ ನಡೆಯಿತು. ಖಾದಿಯಿಂದ ಸಿಂಗರಿಸಿದ್ದ ತಮ್ಮ ಬಿಡಾರವನ್ನು ಕಂಡ ಗಾಂಧೀಜಿ, ತಾವು ನಿರೀಕ್ಷಿಸಿದ್ದು ಗುಡಿಸಲು, ದೊರೆತದ್ದು ಅರಮನೆ ಎಂದು ಆಕ್ಷೇಪಿಸಿದರು.

ಅತಿಥಿ ಸತ್ಕಾರಕ್ಕೆ ಇನ್ನೊಂದು ಮುಖವೂ ಇತ್ತು. ಸ್ವಾಗತ ಗೀತೆ ಹಾಡಿದವರಲ್ಲಿ ಗಂಗೂಬಾಯಿ ಹಾನಗಲ್ ಎಂಬ ಬಾಲಕಿಯೂ ಇದ್ದಳು. ಕೆಳಜಾತಿಯವಳೆಂದು ಊಟದ ಎಲೆ ಎತ್ತಲು ಹೇಳಿಯಾರೆಂಬ ಅಳುಕು ಆಗ ತಮ್ಮನ್ನು ಕಾಡಿತ್ತೆಂದು ಆಕೆ ಮುಂದೆ ನೆನೆದಿದ್ದಾರೆ. ಗಾಂಧೀಜಿಯ ಅಧ್ಯಕ್ಷ ಭಾಷಣದ ಮುಖ್ಯ ವಿಷಯಗಳಲ್ಲಿ ಅಸ್ಪೃಶ್ಯತೆಯ ನಿವಾರಣೆಯೂ ಒಂದು. ತಿರುವಾಂಕೂರಿನ ವೈಕಂನಲ್ಲಿ ದೇವಾಲಯದ ಸುತ್ತಲಿನ ಬೀದಿಯಲ್ಲಿ ನಡೆದಾಡುವ ಹಕ್ಕಿಗಾಗಿ ಸತ್ಯಾಗ್ರಹ ನಡೆದಿದ್ದ ಕಾಲವದು. ವೇದಿಕೆಯ ಮೇಲಿನ ಮಾತಿಗೂ ಪಂಕ್ತಿಯ ಭಯಕ್ಕೂ ಎಷ್ಟು ದೂರವಿತ್ತೆಂಬುದನ್ನು ಆ ಬಾಲಕಿಯ ನೆನಪು ತೋರಿಸುತ್ತದೆ.

ಅಧಿವೇಶನ ಕೈಗೊಂಡ ದೊಡ್ಡ ನಿರ್ಧಾರ ನೂಲಿಗೆ ಸಂಬಂಧಿಸಿದ್ದು. ಕಾಂಗ್ರೆಸ್ಸಿನ ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ತಾವೇ ನೂಲಲಾಗದವರು ಬೇರೆಯವರಿಂದ ನೂಲಿಸಿ ಕೊಡಬಹುದು. ಹಣದ ಚಂದಾಕ್ಕೆ ಬದಲಾಗಿ ಶ್ರಮವೇ ಚಂದಾ ಆಯಿತು. ವಕೀಲರೂ ಶಿಕ್ಷಕರೂ ಹಳ್ಳಿಯ ಬಡವನ ದುಡಿಮೆಯನ್ನು ತಮ್ಮ ಕೈಯಲ್ಲೇ ಅರಿಯಲಿ ಎಂಬುದು ಇದರ ಹಿಂದಿನ ಆಶಯ. ಆದರೆ ನಿಯಮ ಬಹುಕಾಲ ಬಾಳಲಿಲ್ಲ. 1925ರ ಸೆಪ್ಟೆಂಬರ್‌ನಲ್ಲಿ ಪಟ್ನಾದಲ್ಲಿ ಸೇರಿದ ಸಭೆ, ನೂಲಿನ ಬದಲು ವರ್ಷಕ್ಕೆ ನಾಲ್ಕಾಣೆ ಕೊಟ್ಟರೂ ಸಾಕೆಂದು ಸಡಿಲಿಸಿತು.

ಆಗ ವಿಜಾಪುರ ಜಿಲ್ಲೆಗೆ ಸೇರಿದ್ದ ಗುಳೇದಗುಡ್ಡಕ್ಕೆ ನೂಲು ಹೊಸ ಮಾತಲ್ಲ. ಕುಪ್ಪಸದ ಖಣಕ್ಕೆ ಹೆಸರಾದ ಊರಿದು. ಕುಣಿ ಮಗ್ಗದಲ್ಲಿ ಕುಳಿತು ತೇರು, ಸೂಜಿಮಲ್ಲಿಗೆಯಂಥ ವಿನ್ಯಾಸಗಳನ್ನು ಬಟ್ಟೆಯಲ್ಲೇ ನೇಯುವವರು ಇಲ್ಲಿನ ನೇಕಾರರು. ಮನೆಯ ಹೆಂಗಸರು ಕಂಡಿಕೆ ಸುತ್ತಿದರೆ ಮಾತ್ರ ಮಗ್ಗ ಸಾಗುತ್ತದೆ. ಆದರೆ ಖಣಕ್ಕೆ ಬೇಕಾದದ್ದು ರೇಷ್ಮೆ ಮತ್ತು ನಯವಾದ ಹತ್ತಿಯ ಎಳೆ. ರಾಟೆಯ ಒರಟು ನೂಲಲ್ಲ. ಹೀಗಾಗಿ ಕೈಮಗ್ಗದ ಬಟ್ಟೆಯೆಲ್ಲ ಖಾದಿಯಾಗಲಿಲ್ಲ. ನೂಲುವವರ ಹಿತ ಮತ್ತು ನೇಯುವವರ ಹಿತ ಎರಡೂ ಒಂದೇ ಅಲ್ಲ ಎಂಬ ಸಂಗತಿ ಆ ಚಳವಳಿಯ ಉದ್ದಕ್ಕೂ ಉಳಿದುಕೊಂಡಿತು.

ಆದರೂ ಬೆಳಗಾವಿಯ ಎಳೆ ಈ ಭಾಗದಲ್ಲಿ ಕಡಿಯಲಿಲ್ಲ. ಬಾಗಲಕೋಟೆ ಬಳಿಯ ತುಳಸಿಗೇರಿಯಲ್ಲಿ ರಾಷ್ಟ್ರಧ್ವಜದ ಖಾದಿ ನೇಯ್ದು, 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘಕ್ಕೆ ಕಳುಹಿಸುವ ಪದ್ಧತಿ ಬೆಳೆಯಿತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಗಣ್ಯ ಅತಿಥಿಗಳು ಎರಡು ದಿನ ಚರ್ಚಿಸಿದ ನೂಲಿನ ಬೆಲೆ, ನೂರು ವರ್ಷಗಳ ನಂತರವೂ ಅದನ್ನೇ ನಂಬಿದ ಮನೆಗಳ ಅನ್ನದ ಪ್ರಶ್ನೆಯಾಗಿಯೇ ಇದೆ.