ಜೋಳದ ಋಣ, ಗರುಡನ ಪಣ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದವರು ಭಿತ್ತಿಯ ಆನೆ ಕುದುರೆಗಳ ಸಾಲಿನಲ್ಲಿ ಮೈಮರೆಯುತ್ತಾರೆ. ದಕ್ಷಿಣಕ್ಕೆ ನಿಂತ ಕಲ್ಲುಕಂಬವನ್ನು ಮೊದಲ ಸಲ ನಾನೂ ಗಮನಿಸಿರಲಿಲ್ಲ. ಮತ್ತೊಮ್ಮೆ ಹೋದಾಗ ಹತ್ತಿರ ನಿಂತು ನೋಡಿದೆ. ಅಲ್ಲಿನ ವೀರರ ಕೈಯಲ್ಲಿ ಕತ್ತಿಯಿದೆ, ಎದುರಿಗೆ ಶತ್ರುವಿಲ್ಲ. ಅವರು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿದ್ದಾರೆ.

ಅದು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಕಂಬ. ಬಲ್ಲಾಳನು 1220ರಲ್ಲಿ ತೀರಿಕೊಂಡ. ಬದುಕಿದರೆ ಒಡೆಯನೊಡನೆ, ಸತ್ತರೂ ಒಡೆಯನೊಡನೆ ಎಂದು ಪಣತೊಟ್ಟಿದ್ದ ಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆ, ಜೊತೆಯ ವೀರರೊಡನೆ ಪ್ರಾಣ ನೀಗಿದ. ಇಂಥವರನ್ನು ಅಂದು ‘ಗರುಡ’ರೆಂದು ಕರೆದರು.

ಇಂದು ನಾವು ಇದನ್ನು ಅಂಧಾಭಿಮಾನ ಎಂದೇವು. ಇಂಗ್ಲಿಷು ಬಲ್ಲವರು ‘ಫನ್ಯಾಟಿಕ್’ ಎಂದಾರು. ಆ ಮಾತಿನ ಬೇರು ದೇವಾಲಯವೆಂಬ ಅರ್ಥದ ಲ್ಯಾಟಿನ್ ಶಬ್ದ. ದೇವರ ಆವೇಶ ಮೈದುಂಬಿದವನು ಎಂಬುದು ಅದರ ಹಳೆಯ ಭಾವ. ಇವೆರಡೂ ಹೊರಗೆ ನಿಂತವರು ಆಡುವ ಮಾತುಗಳು. ಒಳಗಿದ್ದವರ ಮಾತು ಯಾವುದು?

ನಮ್ಮ ಶಾಸನ ಕಾವ್ಯಗಳಲ್ಲಿ ಇದಕ್ಕೊಂದು ಶಬ್ದಸಂಸಾರವೇ ಉಂಟು. ಜೋಳವಾಳಿ ಎಂದರೆ ಉಂಡ ಜೋಳದ ಋಣ. 941ರ ಪಂಪಭಾರತಕ್ಕೂ ಈ ‘ಜೋಳದ ಪಾಳಿ’ ಪರಿಚಿತ. ವೇಳೆವಾಳಿ ಎಂದರೆ ವೇಳೆ ಒದಗಿದಾಗ ಜೀವ ಕೊಡುವೆನೆಂಬ ಭಾಷೆ. ಒಡೆಯನಿಗೆ ಕಟ್ಟುಬಿದ್ದ ಆಳು ಲೆಂಕ, ಹೆಣ್ಣಾದರೆ ಲೆಂಕಿತಿ. ಕೀಳ್ಗುಂಟೆ ಎಂಬ ಮಾತಂತೂ ಎದೆ ನಡುಗಿಸುವಂಥದು: ಸತ್ತ ಒಡೆಯನ ಕೆಳಗೆ, ಅವನ ಕುಳಿಯಲ್ಲೇ ಮಲಗುವುದು. ಒಂಬತ್ತನೆಯ ಶತಮಾನದ ದೊಡ್ಡಹುಂಡಿಯ ಕಲ್ಲು, ಗಂಗರ ನೀತಿಮಾರ್ಗನಿಗಾಗಿ ಅಗರಯ್ಯನು ಕೀಳ್ಗುಂಟೆಯಾದನೆಂದು ಹೇಳುತ್ತದೆ. ಸಾಯುತ್ತಿರುವ ದೊರೆಗೆ ಆಸರೆಯಾಗಿ ಕುಳಿತ ಆಳಿನ ಚಿತ್ರವೂ ಅದರಲ್ಲಿದೆ.

ಈ ಶಬ್ದಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೊಂದು ವ್ಯತ್ಯಾಸ ಕಂಡಿತು. ಜೋಳ ಅಳೆಯಬಹುದಾದ ವಸ್ತು. ಎಷ್ಟು ಉಂಡೆ, ಎಷ್ಟು ತೀರಿಸಿದೆ ಎಂದು ಆಳು ತನ್ನೊಳಗಾದರೂ ಕೇಳಿಕೊಳ್ಳಬಲ್ಲ. ಉಣಿಸುವುದು ಒಡೆಯನ ಹೊಣೆ ಎಂಬ ನೆನಪೂ ಆ ಮಾತಿನಲ್ಲೇ ಇದೆ. ಗರುಡ ಎಂದೊಡನೆ ಈ ಲೆಕ್ಕ ಅಳಿಸಿಹೋಗುತ್ತದೆ. ಆಳು ಗರುಡನಾದರೆ ಅರಸ ವಿಷ್ಣುವೇ ಆದನು. ದೇವರ ಋಣಕ್ಕೆ ಅಳತೆ ಎಲ್ಲಿಯದು? ಹಾಗೆಂದು ಹಳೆಯ ಕಾಲ ಮೃದುವಾಗಿತ್ತು ಎನ್ನಲಾರೆ. ಅಗರಯ್ಯನು ಹೊಯ್ಸಳರಿಗಿಂತ ಬಹು ಹಿಂದಿನವನು. ಆದರೆ ಒಂದು ಹೆಸರಿನಲ್ಲಿ ಪ್ರಶ್ನೆಗೆ ಎಡೆಯಿತ್ತು, ಇನ್ನೊಂದರಲ್ಲಿ ಅದು ಇರಲಿಲ್ಲ.

ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯಲ್ಲಿ, ನೆತ್ತಿಯ ಮೇಲೆ ಕಲ್ಲಾನೆ ಹೊತ್ತ ಕಂಬಗಳಿವೆ. ಅಲ್ಲಿ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳ ಗರುಡರಾದರು. ಹೆಂಡಿರೂ ಲೆಂಕ ಲೆಂಕಿತಿಯರೂ ಅವರೊಡನೆ ನಡೆದರು. ಆ ಮನೆಯಲ್ಲಿ ಹುಟ್ಟಿದ ಕೂಸಿಗೆ ನಾಮಕರಣಕ್ಕೆ ಮೊದಲೇ ಈ ಹೆಸರು ಕಾದಿತ್ತು. ಭಾಷೆ ಕೊಟ್ಟವನೊಬ್ಬ, ಅದನ್ನು ಸಲ್ಲಿಸುವವನು ಮತ್ತೊಬ್ಬ ಎಂದಾದಾಗ ಅದನ್ನು ನಿಷ್ಠೆ ಎನ್ನೋಣವೇ, ಇನ್ನೇನನ್ನಾದರೂ ಎನ್ನೋಣವೇ?

ಆ ವೀರರನ್ನು ನಾನು ಹಳಿಯಲಾರೆ. ಅವರನ್ನು ಕುರುಡರೆಂದುಬಿಟ್ಟರೆ, ಕೊಟ್ಟ ಮಾತಿಗೆ ಅವರು ತೆತ್ತ ಬೆಲೆ ನಮಗೆ ಕಾಣದೆ ಹೋಗುತ್ತದೆ. ಹೊಗಳಿಬಿಟ್ಟರೆ ಲೆಂಕಿತಿಯರು ಕಾಣದೆ ಹೋಗುತ್ತಾರೆ. ಈಗಲೂ ಯಾರಾದರೂ ಒಂದು ಧ್ಯೇಯಕ್ಕಾಗಿ ಪ್ರಾಣಾರ್ಪಣೆ ಎಂಬ ಮಾತನ್ನು ಎತ್ತಿದರೆ, ಉಂಡ ಜೋಳವೆಷ್ಟು, ಉಣಿಸಿದವರಾರು ಎಂದು ಮೊದಲು ಕೇಳಬೇಕೆನಿಸುತ್ತದೆ. ಹಳೇಬೀಡಿನ ಆ ಕಂಬದ ಮುಂದೆ ನಿಂತಾಗ ನನಗೆ ಲಕ್ಷ್ಮನಿಗಿಂತ ಹೆಚ್ಚಾಗಿ ನೆನಪಾಗುವವಳು ಸುಗ್ಗಲದೇವಿ.